ಸೋಲಿಗೂ ಸೊಲ್ಲಿಗೂ ಅಂಜದ ಕಾಯಕ: ವಚನ ಪಿತಾಮಹ ಫ.ಗು. ಹಳಕಟ್ಟಿ



ಮನುಷ್ಯನನ್ನು ಕಾಡುವ ಭಯಗಳು ಹಲವು. ರೋಗದ ಭಯ, ದಾರಿದ್ರ್ಯದ ಭಯ, ಮರಣದ ಭಯ ಇವು ಎಲ್ಲರೂ ಬಲ್ಲ ಭಯಗಳು. ಇವುಗಳಿಗಿಂತಲೂ ಸೂಕ್ಷ್ಮವಾಗಿ, ಗೆದ್ದಲು ಮರವನ್ನು ತಿನ್ನುವಂತೆ ಹೊರಗೆ ಕಾಣದೆ ಒಳಗೊಳಗೇ ಕೊರೆಯುವ ಭಯಗಳು ಎರಡಿವೆ. ಕೈಗೊಂಡ ಕಾರ್ಯ ಎಲ್ಲಿ ಸೋತುಹೋದೀತೋ ಎಂಬುದು ಮೊದಲನೆಯದು. ಸೋತರೆ ನಾಲ್ಕು ಜನ ಏನೆಂದಾರು ಎಂಬುದು ಎರಡನೆಯದು. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದ ವಿದ್ಯಾರ್ಥಿ ಮನೆಯಿಂದ ಹೊರಬರಲು ಹಿಂಜರಿಯುತ್ತಾನೆ. ಬೆಳೆ ಕೈಕೊಟ್ಟ ರೈತ ಸಾಲಕ್ಕಿಂತ ಮಿಗಿಲಾಗಿ ಊರವರ ಮುಖಕ್ಕೆ ಅಂಜುತ್ತಾನೆ. ಸಭೆಯಲ್ಲಿ ಎರಡು ಒಳ್ಳೆಯ ಮಾತನಾಡಬಲ್ಲ ತಾಯಿ, ತಪ್ಪಿದರೆ ನಕ್ಕಾರೆಂದು ಸುಮ್ಮನೆ ಕುಳಿತುಬಿಡುತ್ತಾಳೆ. ಹೀಗೆ ಆಗಬೇಕಾದ ಎಷ್ಟೋ ಸತ್ಕಾರ್ಯಗಳು ಸೋಲಿನಿಂದಲ್ಲ, ಸೋಲಿನ ಭಯದಿಂದಲೇ ನಿಂತುಹೋಗುತ್ತವೆ.

ಜಗನ್ಮಾತೆ ಅಕ್ಕಮಹಾದೇವಿಯು ಈ ಭಯಗಳ ಸ್ವರೂಪವನ್ನು ಚೆನ್ನಾಗಿ ಬಲ್ಲವಳಾಗಿದ್ದಳು. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದ ಆಕೆಗೆ ಲೋಕದ ನೋಟವೂ ಲೋಕದ ಮಾತೂ ದಾರಿಯುದ್ದಕ್ಕೂ ಎದುರಾದವು. ಕನ್ನಡಿಗರೆಲ್ಲರ ನಾಲಗೆಯ ಮೇಲಿರುವ ಆಕೆಯ ಒಂದು ವಚನದಲ್ಲಿ ಮನೆ ಕಟ್ಟಿದ ಮೂರು ನೆಲೆಗಳ ಪ್ರಸ್ತಾಪ ಬರುತ್ತದೆ. ಒಂದು ಬೆಟ್ಟ, ಇನ್ನೊಂದು ಕಡಲ ದಂಡೆ, ಮತ್ತೊಂದು ಸಂತೆ. ಬೆಟ್ಟದಲ್ಲಿ ಕಾಡುಮೃಗಗಳ ಅಪಾಯವಿದೆ. ಇದು ಕಾರ್ಯಾರಂಭದಲ್ಲಿ ಎದುರಾಗುವ ಅಡೆತಡೆಗಳ ಸಂಕೇತ. ಕಡಲಿನಲ್ಲಿ ಅಲೆಗಳ ಏರಿಳಿತವಿದೆ. ಇದು ಲಾಭನಷ್ಟಗಳ, ಸೋಲುಗೆಲುವುಗಳ ಸಂಕೇತ. ಸಂತೆಯಲ್ಲಿ ಗದ್ದಲವಿದೆ, ಇದು ಸ್ತುತಿನಿಂದೆಗಳ, ಅಂದರೆ ನಾಲ್ಕು ಜನರ ಮಾತಿನ ಸಂಕೇತ. ಮನೆ ಕಟ್ಟಿದ ಮೇಲೆ ಆ ನೆಲೆಯ ಗುಣಕ್ಕೆ ಅಂಜಬಾರದೆಂಬುದು ಅಕ್ಕನ ಬೋಧೆಯ ತಿರುಳು.

ಈ ಬೋಧೆ ಪಾರಾಯಣಕ್ಕೆ ಮಾತ್ರ ಸೀಮಿತವಾದುದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿಜಾಪುರದ ಒಬ್ಬ ವಕೀಲರು ಇದನ್ನು ತಮ್ಮ ಇಡೀ ಬಾಳಿನಿಂದ ವ್ಯಾಖ್ಯಾನಿಸಿದರು. ಅವರೇ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಕಲ್ಯಾಣವು ಸೋತಿತೆ?

ಹಳಕಟ್ಟಿಯವರ ಕಾಯಕದ ಮಹತ್ವವನ್ನು ಅರಿಯಬೇಕಾದರೆ ಮೊದಲು ಹನ್ನೆರಡನೆಯ ಶತಮಾನದ ಕಲ್ಯಾಣದತ್ತ ದೃಷ್ಟಿ ಹಾಯಿಸಬೇಕು. ಕಳಚುರಿ ಬಿಜ್ಜಳನು ೧೧೬೨ರ ಸುಮಾರಿಗೆ ಚಾಲುಕ್ಯರ ಸಿಂಹಾಸನವನ್ನು ತನ್ನದಾಗಿಸಿಕೊಂಡನು. ಅವನ ಆಡಳಿತದಲ್ಲಿ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತ ಮಡಿವಾಳ, ಅಂಬಿಗ, ಸಮಗಾರ, ನೇಕಾರ, ಹಡಪದ ಮುಂತಾದ ನಾನಾ ಕಾಯಕಗಳ ಶರಣರು ಒಂದೆಡೆ ಸೇರಿದರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ವಿವಾಹ ಸಂಬಂಧ ಏರ್ಪಟ್ಟಾಗ ರಾಜಕೋಪ ಕೆರಳಿ, ಹರಳಯ್ಯ ಮಧುವರಸರು ಪ್ರಾಣ ತೆರಬೇಕಾಯಿತೆಂದು ಶರಣ ಪರಂಪರೆ ಹೇಳುತ್ತದೆ. ಕಲ್ಯಾಣ ಅಲ್ಲೋಲಕಲ್ಲೋಲವಾಯಿತು. ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದರು. ಚನ್ನಬಸವಣ್ಣನವರೊಡನೆ ಹೊರಟ ಶರಣರು ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಉಳವಿಯತ್ತ ಸಾಗಿದರು.

ಆ ದಿನ ಕಲ್ಯಾಣದ ಬೀದಿಯಲ್ಲಿ ನಿಂತು ನೋಡಿದವನೊಬ್ಬನು ಏನೆಂದು ತೀರ್ಪು ಕೊಡುತ್ತಿದ್ದನು? ಇವರ ಸಾಹಸ ಸೋತಿತು, ಇಷ್ಟು ಜನರ ಶ್ರಮ ವ್ಯರ್ಥವಾಯಿತು ಎಂದೇ ಅಲ್ಲವೆ? ಲೋಕದ ಅಳತೆಗೋಲಿಗೆ ಅದು ಸೋಲೇ ಸರಿ. ಆದರೆ ಸುಮಾರು ಇನ್ನೂರೈವತ್ತು ವರ್ಷಗಳ ತರುವಾಯ ವಿಜಯನಗರದ ಪ್ರೌಢದೇವರಾಯನ ಆಳ್ವಿಕೆಯಲ್ಲಿ (೧೪೨೪-೧೪೪೬) ಲಕ್ಕಣ್ಣ ದಂಡೇಶ, ಜಕ್ಕಣಾರ್ಯ ಮೊದಲಾದವರೂ ನೂರೊಂದು ವಿರಕ್ತರೆಂದು ಹೆಸರಾದ ಶಿವಯೋಗಿಗಳೂ ಚೆದುರಿಹೋಗಿದ್ದ ವಚನಗಳನ್ನು ಮತ್ತೆ ಕೂಡಿಸಿದರು, ಸ್ಥಲಗಳಿಗೆ ಅನುಗುಣವಾಗಿ ಜೋಡಿಸಿದರು, ವ್ಯಾಖ್ಯಾನ ಬರೆದರು. ಶೂನ್ಯಸಂಪಾದನೆಯಂತಹ ಮೇರುಕೃತಿ ಹುಟ್ಟಿದ್ದು ಆ ಶತಮಾನದಲ್ಲಿಯೇ. ಸೋತಿತೆಂದು ಲೋಕ ಕೈಬಿಟ್ಟ ಬೀಜ ಶತಮಾನಗಳ ಬಳಿಕ ಫಲ ಕೊಟ್ಟಿತು. ಕಾರ್ಯ ಸೋತಿತೋ ಗೆದ್ದಿತೋ ಎಂದು ತೀರ್ಮಾನಿಸುವ ಅಧಿಕಾರ ಮಾಡಿದವನಿಗೂ ಇಲ್ಲ, ನೋಡಿದವನಿಗೂ ಇಲ್ಲ. ಅದು ಕಾಲದ ಕೈಯಲ್ಲಿದೆ, ಶರಣರ ಮಾತಿನಲ್ಲಿ ಹೇಳುವುದಾದರೆ ಲಿಂಗದೇವನ ಕೈಯಲ್ಲಿದೆ.

ಬೆಟ್ಟದ ಮೃಗಗಳು

ಹಳಕಟ್ಟಿಯವರು ೧೮೮೦ರ ಜುಲೈ ೨ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಗ್ರಂಥರಚನೆ ಮಾಡಿದವರು. ಧಾರವಾಡದಲ್ಲಿ ಆರಂಭಿಕ ವಿದ್ಯಾಭ್ಯಾಸ ಮುಗಿಸಿದ ಹಳಕಟ್ಟಿಯವರು ಮುಂಬಯಿಗೆ ತೆರಳಿ ಪದವಿ ಪಡೆದರು. ೧೯೦೪ರಲ್ಲಿ ಕಾನೂನು ಪದವೀಧರರಾದರು. ಕೆಲಕಾಲ ಬೆಳಗಾವಿಯಲ್ಲಿ ವಕೀಲಿ ಮಾಡಿ, ಅನಂತರ ಬಿಜಾಪುರದಲ್ಲಿ ನೆಲೆಸಿದರು. ಅಂದಿನ ಬಿಜಾಪುರ, ಅಂದರೆ ಇಂದಿನ ವಿಜಯಪುರ, ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಹಿಂದುಳಿದ ಜಿಲ್ಲೆ. ಬರಗಾಲ ಅಲ್ಲಿಗೆ ಹೊಸದಲ್ಲ. ಕನ್ನಡಕ್ಕಿಂತ ಮರಾಠಿಗೆ ಹೆಚ್ಚು ಮನ್ನಣೆಯಿದ್ದ ಕಾಲವದು.

ಕಾನೂನು ಪದವೀಧರರು ಬೆರಳೆಣಿಕೆಯಷ್ಟಿದ್ದ ಆ ದಿನಗಳಲ್ಲಿ ವಕೀಲಿಯು ಹಣಕ್ಕೂ ಗೌರವಕ್ಕೂ ರಾಜಮಾರ್ಗವಾಗಿತ್ತು. ಹಳಕಟ್ಟಿಯವರು ಆ ಮಾರ್ಗದಲ್ಲಿಯೇ ನಡೆದಿದ್ದರೆ ಯಾರೂ ಬೆರಳು ತೋರುತ್ತಿರಲಿಲ್ಲ. ಆದರೆ ಅವರ ಕಣ್ಣು ಬಿದ್ದದ್ದು ತಾಡೋಲೆಯ ಕಟ್ಟುಗಳ ಮೇಲೆ. ಹಳೆಯ ಮನೆತನಗಳಲ್ಲಿ, ಮಠಗಳಲ್ಲಿ ಓಲೆಯ ಕಟ್ಟುಗಳನ್ನು ಜಗುಲಿಯ ಮೇಲಿರಿಸಿ ವಿಭೂತಿ ಹಚ್ಚಿ, ಹೂವೇರಿಸಿ ಪೂಜಿಸುತ್ತಿದ್ದರೇ ಹೊರತು ಬಿಚ್ಚಿ ಓದುವವರು ವಿರಳವಾಗಿದ್ದರು. ವರ್ಷದಿಂದ ವರ್ಷಕ್ಕೆ ಓಲೆಗಳು ಒಡೆದು, ಹುಳು ತಿಂದು, ಹೊಗೆ ಹಿಡಿದು ನಾಶವಾಗುತ್ತಿದ್ದವು. ಬಸವಾದಿ ಪ್ರಮಥರ ವಾಣಿ ಅವರ ಭಕ್ತರ ಮನೆಯಲ್ಲಿಯೇ ಮೌನವಾಗಿ ಅಳಿಯುತ್ತಿತ್ತು.

ಹಳಕಟ್ಟಿಯವರು ಊರೂರು ಅಲೆದು ಈ ಕಟ್ಟುಗಳನ್ನು ಸಂಗ್ರಹಿಸತೊಡಗಿದರು. ಮನೆದೇವರಂತೆ ಕಾಪಾಡಿಕೊಂಡ ಓಲೆಯನ್ನು ಹೊರಗಿನವರಿಗೆ ಕೊಡಲು ಯಾರು ತಾನೆ ಸುಲಭವಾಗಿ ಒಪ್ಪುತ್ತಾರೆ? ಕೇಳಬೇಕು, ಕಾಯಬೇಕು, ಮತ್ತೆ ಕೇಳಬೇಕು. ಕೈಗೆ ಬಂದ ಮೇಲೂ ಕೆಲಸ ಸುಲಭವಲ್ಲ. ಓಲೆಯ ಬರಹದಲ್ಲಿ ಪದಕ್ಕೂ ಪದಕ್ಕೂ ನಡುವೆ ಬಿಡುವಿಲ್ಲ, ವಿರಾಮಚಿಹ್ನೆಗಳಿಲ್ಲ, ಅಕ್ಷರದ ರೂಪ ಹಳೆಯದು. ಒಂದು ಪ್ರತಿಯಲ್ಲಿರುವ ಪಾಠ ಇನ್ನೊಂದರಲ್ಲಿಲ್ಲ. ಒಂದೊಂದು ಸಾಲನ್ನೂ ಬಿಡಿಸಿ ಓದಿ, ಪ್ರತಿ ಮಾಡಿ, ಹೋಲಿಸಿ ನೋಡಬೇಕು. ಅವರಿಗಿಂತ ಮುಂಚೆಯೂ ಕೆಲವು ವಚನ ಸಂಕಲನಗಳು ಅಚ್ಚಾಗಿದ್ದುದು ನಿಜ. ಆದರೆ ನೂರಾರು ಶರಣರ ವಾಣಿಯನ್ನು ಒಂದೆಡೆ ತರುವ ಸಾಹಸಕ್ಕೆ ಹಾಕಿಕೊಟ್ಟ ದಾರಿ ಇರಲಿಲ್ಲ. ಕೈಹಿಡಿದು ನಡೆಸುವವರೂ ಇರಲಿಲ್ಲ.

ಇಷ್ಟೆಲ್ಲ ಶ್ರಮದ ಫಲವಾಗಿ ವಚನಗಳನ್ನು ವಿಷಯಾನುಕ್ರಮದಲ್ಲಿ ಜೋಡಿಸಿದ ‘ವಚನ ಶಾಸ್ತ್ರ ಸಾರ’ದ ಹಸ್ತಪ್ರತಿ ಸಿದ್ಧವಾಯಿತು. ಅದನ್ನು ಮುದ್ರಣಕ್ಕೆಂದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಲಾಯಿತು. ಕನ್ನಡ ಮುದ್ರಣದಲ್ಲಿ ಅಂದು ಅದಕ್ಕೆ ದೊಡ್ಡ ಹೆಸರಿತ್ತು. ಆದರೆ ಹಸ್ತಪ್ರತಿ ಅಚ್ಚಾಗದೆ ಮರಳಿ ಬಂದಿತು. ವರ್ಷಗಳ ಕಾಲ ಕಣ್ಣೆಣ್ಣೆ ಸುರಿದು ಸಿದ್ಧಪಡಿಸಿದ ಗ್ರಂಥ ಹಾಗೆ ಮನೆಯ ಬಾಗಿಲಿಗೆ ಹಿಂದಿರುಗಿದಾಗ ಮನಸ್ಸಿಗೆ ಏನೆನಿಸೀತು? ಸಾಮಾನ್ಯನಾದವನು ಆ ಕಟ್ಟನ್ನು ಮತ್ತೆ ಗಂಟುಕಟ್ಟಿ ಅಟ್ಟಕ್ಕೆ ಹಾಕಿ, ಬಿಟ್ಟಿದ್ದ ವಕೀಲಿಯತ್ತ ಮುಖ ಮಾಡುತ್ತಿದ್ದನು. ಹಳಕಟ್ಟಿಯವರು ಬೇರೊಂದು ಮುದ್ರಣಾಲಯವನ್ನು ಹುಡುಕಿದರು. ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಗ್ರಂಥ ಅಚ್ಚಾಗಿ ೧೯೨೩ರಲ್ಲಿ ಮೊದಲ ಭಾಗ ಬೆಳಕು ಕಂಡಿತು. ಮರಳಿ ಬಂದ ಹಸ್ತಪ್ರತಿ ಅವರ ಪಾಲಿಗೆ ತೀರ್ಪಾಗಲಿಲ್ಲ. ಮತ್ತೊಂದು ಬಾಗಿಲು ತಟ್ಟಬೇಕೆಂಬ ಸೂಚನೆ ಮಾತ್ರವಾಯಿತು.

ಕಡಲಿನ ಅಲೆಗಳು

ಒಂದು ಗ್ರಂಥ ಅಚ್ಚಾದರೆ ಸಾಲದು. ಸಂಗ್ರಹವಾದ ಓಲೆಗಳ ರಾಶಿ ಬೆಳೆಯುತ್ತಲೇ ಇತ್ತು. ಬಿಜಾಪುರದಲ್ಲಿ ಕುಳಿತು ಬೇರೆ ಊರಿನಲ್ಲಿ ಅಚ್ಚು ಹಾಕಿಸುವುದೆಂದರೆ ಕರಡಚ್ಚು ತಿದ್ದುವುದಕ್ಕೂ ಓಡಾಟ, ಖರ್ಚೂ ಅಧಿಕ. ಆಗ ಹಳಕಟ್ಟಿಯವರು ಒಂದು ನಿರ್ಧಾರಕ್ಕೆ ಬಂದರು. ತಮ್ಮ ಸ್ವಂತ ಮನೆಯನ್ನೇ ಮಾರಿ, ಬಂದ ಹಣದಿಂದ ೧೯೨೫ರಲ್ಲಿ ಬಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಅಂದಿನಿಂದ ಅವರ ವಾಸ ಬಾಡಿಗೆಯ ಮನೆಯಲ್ಲಿ. ಒಂದೊಂದೇ ಅಚ್ಚುಮೊಳೆಯನ್ನು ಕೈಯಿಂದ ಜೋಡಿಸಿ ಪುಟ ಕಟ್ಟುವ ಕಾಲವದು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆ, ೧೯೨೭ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ ಆರಂಭವಾದವು. ಶಿವಾನುಭವದ ಪುಟಗಳಲ್ಲಿ ವಚನಗಳು ಮಾತ್ರವಲ್ಲದೆ ಹರಿಹರನ ರಗಳೆಗಳು, ಶರಣರ ಚರಿತ್ರೆ, ಶಾಸ್ತ್ರವಿಚಾರಗಳು ಪ್ರಕಟವಾದವು.

ಮನೆ ಮಾರಿ ಮುದ್ರಣಾಲಯ ತೆರೆದವರನ್ನು ಲೋಕ ಜಾಣರೆನ್ನುವುದಿಲ್ಲ. ಧಾರ್ಮಿಕ, ಸಂಶೋಧನಾತ್ಮಕ ಪತ್ರಿಕೆಗಳಿಗೆ ಚಂದಾದಾರರ ಬಲ ಯಾವ ಕಾಲದಲ್ಲಿಯೂ ಕಡಿಮೆಯೇ. ಲೆಕ್ಕದ ಪುಸ್ತಕ ತೆರೆದು ನೋಡಿದರೆ ಹಿತಚಿಂತಕ ಮುದ್ರಣಾಲಯವು ಯಜಮಾನನನ್ನು ಬಡವನನ್ನಾಗಿಸಿದ ಉದ್ಯಮ. ಆ ಬಡತನವನ್ನು ಅವರೊಬ್ಬರೇ ಅಲ್ಲ, ಅವರ ಕುಟುಂಬವೂ ಹೊತ್ತಿತೆಂಬುದನ್ನು ಮರೆಯಲಾಗದು. ಹೀಗಿರುವಾಗ ಮನೆ ಮಾರುವುದೇ ನಿರ್ಭಯತೆಯ ಲಕ್ಷಣವೆಂದು ಯಾರೂ ತಿಳಿಯಬಾರದು. ಗಮನಿಸಬೇಕಾದುದು ಅದರ ಹಿಂದಿನ ಭಾವವನ್ನು.

ಶರಣಧರ್ಮದಲ್ಲಿ ಕಾಯಕ ಮತ್ತು ದಾಸೋಹ ಎಂಬೆರಡು ತತ್ತ್ವಗಳು ಬೇರ್ಪಡಿಸಲಾರದಂತೆ ಬೆಸೆದುಕೊಂಡಿವೆ. ಸತ್ಯಶುದ್ಧವಾಗಿ ದುಡಿಯುವುದು ಕಾಯಕ. ದುಡಿಮೆಯ ಫಲವನ್ನು ಗುರುಲಿಂಗಜಂಗಮಕ್ಕೆ, ಎಂದರೆ ಸಮಾಜಕ್ಕೆ, ಅರ್ಪಿಸುವುದು ದಾಸೋಹ. ಸೋಲಿನ ಭಯ ಹುಟ್ಟುವುದಾದರೂ ಎಲ್ಲಿ? ಫಲ ನನ್ನದು, ಅದು ನನಗೆ ಬರಬೇಕು, ಬಾರದಿದ್ದರೆ ನಾನು ಕುಗ್ಗಿದೆ ಎಂಬ ಅಹಂಭಾವದಲ್ಲಿ. ಫಲವನ್ನು ಮೊದಲೇ ಅರ್ಪಿಸಿಬಿಟ್ಟವನಿಗೆ ಕಳೆದುಕೊಳ್ಳುವುದಕ್ಕೆ ಏನಿದೆ? ಬಂದುದು ಪ್ರಸಾದ, ಬಾರದಿದ್ದುದೂ ಪ್ರಸಾದ. ಅಂತಹವನಿಗೆ ಉಳಿಯುವ ಸೋಲು ಒಂದೇ. ಮಾಡಬೇಕಾದ ಕಾಯಕವನ್ನು ಅಂಜಿ ಮಾಡದೆ ಬಿಡುವುದು. ಹಳಕಟ್ಟಿಯವರು ಲಾಭನಷ್ಟಗಳ ಅಲೆಯ ಮೇಲೆ ಕುಳಿತೂ ವಿಚಲಿತರಾಗದೆ ಇದ್ದುದರ ಗುಟ್ಟು ಇಲ್ಲಿದೆ.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನೂ ಅರಿಯಬೇಕು. ಅನೇಕರು ಪರಿಪೂರ್ಣವಾಗುವವರೆಗೆ ಕಾಯುತ್ತೇವೆಂದು ಹೇಳಿ ಏನನ್ನೂ ಹೊರತರುವುದಿಲ್ಲ. ಅದು ವಿನಯದ ವೇಷ ತೊಟ್ಟ ಭಯ. ಹಳಕಟ್ಟಿಯವರ ಆವೃತ್ತಿಗಳಲ್ಲಿ ಕೊರತೆಗಳಿಲ್ಲವೆಂದಲ್ಲ. ಗ್ರಂಥಸಂಪಾದನಶಾಸ್ತ್ರದ ದೃಷ್ಟಿಯಿಂದ ಪಾಠಾಂತರಗಳನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಪರಿಶೀಲಿಸಬೇಕಾಗಿತ್ತೆಂದು ಮುಂದಿನ ವಿದ್ವಾಂಸರು ಕಂಡುಕೊಂಡರು. ಶಿ.ಶಿ. ಬಸವನಾಳ, ಆರ್.ಸಿ. ಹಿರೇಮಠ, ಎಲ್. ಬಸವರಾಜು, ಎಂ.ಎಂ. ಕಲಬುರ್ಗಿ ಮೊದಲಾದವರು ಹೆಚ್ಚಿನ ಪ್ರತಿಗಳನ್ನು ಹೋಲಿಸಿ ಶುದ್ಧವಾದ ಆವೃತ್ತಿಗಳನ್ನು ಸಿದ್ಧಪಡಿಸಿದರು. ಆದರೆ ತಿದ್ದುವುದಕ್ಕೆ ಮೊದಲು ಒಂದು ಗ್ರಂಥವಿರಬೇಕಷ್ಟೆ? ತಪ್ಪು ತೋರುವವರು ಬಂದಾರೆಂದು ಹಳಕಟ್ಟಿಯವರು ಅಂಜಿ ಕುಳಿತಿದ್ದರೆ, ಆ ಹೊತ್ತಿಗೆ ಎಷ್ಟೋ ಓಲೆಗಳು ಹುಳುಗಳ ಪಾಲಾಗಿಬಿಡುತ್ತಿದ್ದವು. ತಮ್ಮ ಕಾಯಕವನ್ನು ಮುಂದಿನವರು ತಿದ್ದಲಿ ಎಂದು ಬಿಟ್ಟುಕೊಡುವುದೂ ಒಂದು ದಾಸೋಹವೇ.

ಸಂತೆಯ ಸದ್ದು

ಇನ್ನು ಮೂರನೆಯದು ಜನರ ಮಾತು. ಇದರಲ್ಲಿ ನಿಂದೆ ಮಾತ್ರವಲ್ಲ, ಸ್ತುತಿಯೂ ಸೇರಿದೆ. ನಿಂದೆಗೆ ಅಂಜುವವನು ಸ್ತುತಿಗೂ ಹಸಿದಿರುತ್ತಾನೆ. ಇವೆರಡೂ ಒಂದೇ ನಾಣ್ಯದ ಮುಖಗಳು. ಹಳಕಟ್ಟಿಯವರ ಬಾಳಿನಲ್ಲಿ ಸ್ತುತಿಯೂ ಕಡಿಮೆಯಾಗಲಿಲ್ಲ. ೧೯೨೬ರಲ್ಲಿ ಬಳ್ಳಾರಿಯಲ್ಲಿ ಜರುಗಿದ ಹನ್ನೆರಡನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ಸಂದಿತು. ಬ್ರಿಟಿಷ್ ಸರಕಾರದ ರಾವಬಹದ್ದೂರ ಬಿರುದು ಬಂದಿತು. ೧೯೫೬ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಗೋಳಗುಮ್ಮಟದ ಊರಿನಲ್ಲಿ ಅವರು ‘ವಚನಗುಮ್ಮಟ’ ಎನಿಸಿದರು. ಮನೆ ಮಾರಿದಾಗ ಹೇಗೋ ಪದವಿ ಬಂದಾಗಲೂ ಹಾಗೆಯೇ ಅವರ ದಿನಚರಿ ಮುದ್ರಣಾಲಯ, ಕರಡಚ್ಚು, ಓಲೆಗಳ ಸುತ್ತಲೇ ಸಾಗಿತು. ಬಾಡಿಗೆಯ ಮನೆ ಬಾಡಿಗೆಯ ಮನೆಯಾಗಿಯೇ ಉಳಿಯಿತು.

ಹಾಗೆಂದ ಮಾತ್ರಕ್ಕೆ ಯಾರ ಮಾತನ್ನೂ ಕೇಳಬಾರದೆ? ಇಲ್ಲಿ ಸದ್ಭಕ್ತರು ಎಚ್ಚರ ವಹಿಸಬೇಕು. ಕಿವುಡುತನ ನಿರ್ಭಯತೆಯಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವನ ಸತಿ ಲಕ್ಕಮ್ಮನು ಆ ಅಧಿಕವನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗ ಎಲ್ಲರಿಗೂ ಪರಿಚಿತವಾದುದು. ಮಾರಯ್ಯನು ಆ ಮಾತಿಗೆ ಮುನಿಯಲಿಲ್ಲ, ಕೇಳಿದನು. ಏಕೆಂದರೆ ಅದು ಸಂತೆಯ ಸದ್ದಲ್ಲ. ಅದೇ ಕಾಯಕದಲ್ಲಿ ಜೊತೆಗೂಡಿ ನಡೆದವಳ ಅನುಭಾವದ ನುಡಿ. ಅನುಭವ ಮಂಟಪದಲ್ಲಿಯೂ ಶರಣರು ಪರಸ್ಪರರನ್ನು ಪ್ರಶ್ನಿಸಿದರು, ಪರೀಕ್ಷಿಸಿದರು. ಅಲ್ಲಮಪ್ರಭುಗಳು ಅಕ್ಕನನ್ನು ಕಠಿಣವಾಗಿಯೇ ಪ್ರಶ್ನಿಸಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಆಕೆ ಓಡಿಹೋಗಲಿಲ್ಲ, ನಿಂತು ಉತ್ತರಿಸಿದಳು. ಜೊತೆಗೆ ನಡೆಯುವವರ ಮಾತು ತಿದ್ದುತ್ತದೆ. ದಡದಲ್ಲಿ ನಿಂತು ನೋಡುವವರ ಮಾತು ತಡೆಯುತ್ತದೆ. ಇವೆರಡನ್ನೂ ಬೇರ್ಪಡಿಸಿ ಕೇಳುವ ವಿವೇಕವೇ ಸ್ತುತಿನಿಂದೆಗಳನ್ನು ಗೆಲ್ಲುವ ಉಪಾಯ.

ಹಳಕಟ್ಟಿಯವರು ಜನರಿಂದ ದೂರ ಸರಿದವರೂ ಅಲ್ಲ. ೧೯೧೦ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾಭಿವೃದ್ಧಿ ಸಂಸ್ಥೆಯ ಸ್ಥಾಪನೆಯಲ್ಲಿ, ೧೯೧೨ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಯಲ್ಲಿ ಅವರ ಪಾತ್ರ ಹಿರಿದು. ಜನರ ಬಾಯಿಗೆ ಅಂಜದವರು ಜನರ ಬದುಕಿಗೆ ಮಿಡಿದರು. ಲೋಕದ ಮಾತಿಗೆ ಅಂಜುವವನು ತನ್ನ ಬಗೆಗೆ ಲೋಕ ಏನೆನ್ನುತ್ತದೆಂದು ಚಿಂತಿಸುತ್ತಾನೆ. ಲೋಕವನ್ನು ಪ್ರೀತಿಸುವವನು ಲೋಕಕ್ಕೆ ಏನು ಬೇಕೆಂದು ಚಿಂತಿಸುತ್ತಾನೆ.

ಫಲಶ್ರುತಿ

೧೯೬೪ರ ಜೂನ್ ೨೯ರಂದು ಹಳಕಟ್ಟಿಯವರು ಲಿಂಗೈಕ್ಯರಾದರು. ಕೂಡಿಟ್ಟ ಆಸ್ತಿಯೆಂದು ಹೇಳಿಕೊಳ್ಳುವಂಥದು ಏನೂ ಇರಲಿಲ್ಲ. ಆದರೆ ಅವರು ಕೈಯಿಕ್ಕುವ ಮೊದಲು ಸುಮಾರು ೫೦ ವಚನಕಾರರ ಹೆಸರು ಮಾತ್ರ ನಾಡಿಗೆ ಪರಿಚಿತವಾಗಿದ್ದರೆ, ಅವರ ಶ್ರಮದಿಂದ ಆ ಸಂಖ್ಯೆ ೨೫೦ರಷ್ಟಾಯಿತೆಂದು ಸಾಹಿತ್ಯ ಚರಿತ್ರೆ ಸ್ಮರಿಸುತ್ತದೆ. ಅವರು ಹಾಕಿದ ಅಡಿಪಾಯದ ಮೇಲೆಯೇ ೧೯೯೩ರಲ್ಲಿ ಕರ್ನಾಟಕ ಸರಕಾರವು ‘ಸಮಗ್ರ ವಚನ ಸಂಪುಟ’ಗಳನ್ನು ೧೫ ಸಂಪುಟಗಳಲ್ಲಿ ಹೊರತಂದಿತು. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ಇಂದು ಓದಲಿಚ್ಛಿಸುವ ಯಾರಿಗೂ ಲಭ್ಯ. ಅವರ ಜನ್ಮದಿನವಾದ ಜುಲೈ ೨ನ್ನು ನಾಡು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತದೆ. ಇಂದು ಪ್ರಾತಃಕಾಲದಲ್ಲಿ ಭಕ್ತರ ಮನೆಮನೆಗಳಲ್ಲಿ ವಚನ ಪಠಣ ನಡೆಯುತ್ತಿದ್ದರೆ, ಅದರ ಹಿಂದೆ ಮರಳಿ ಬಂದ ಹಸ್ತಪ್ರತಿಯೊಂದಿದೆ, ಮಾರಿದ ಮನೆಯೊಂದಿದೆ, ಅಂಜದೆ ಮತ್ತೊಂದು ಬಾಗಿಲು ತಟ್ಟಿದ ಜೀವವೊಂದಿದೆ.

ಶರಣಬಂಧುಗಳೇ, ಪ್ರತಿಯೊಬ್ಬರ ಬಾಳಿನಲ್ಲಿಯೂ ಜಗುಲಿಯ ಮೇಲೆ ಪೂಜೆಗೊಂಡು ಬಿಚ್ಚದೆ ಉಳಿದ ಒಂದು ಓಲೆಯ ಕಟ್ಟು ಇದ್ದೇ ಇರುತ್ತದೆ. ಕಲಿಯಬೇಕೆಂದಿದ್ದ ವಿದ್ಯೆ, ಆಡಬೇಕೆಂದಿದ್ದ ಸತ್ಯದ ಮಾತು, ಆರಂಭಿಸಬೇಕೆಂದಿದ್ದ ಕಾಯಕ, ಬಿಡಬೇಕೆಂದಿದ್ದ ದುಶ್ಚಟ ಅದು ಯಾವುದೂ ಆಗಿರಬಹುದು. ಬಿಚ್ಚಿದರೆ ಒಡೆದೀತೆಂಬ ಅಂಜಿಕೆಯಿಂದ ಕಟ್ಟಿಯೇ ಇಟ್ಟರೆ ಹುಳು ತಿನ್ನುವುದು ಮಾತ್ರ ನಿಶ್ಚಿತ. ಬಿಚ್ಚಿ ಓದುವಾಗ ಒಂದೆರಡು ಗರಿ ಮುರಿದರೂ ಚಿಂತೆಯಿಲ್ಲ, ಉಳಿದುದು ಬೆಳಕಿಗೆ ಬರುತ್ತದೆ. ಮುರಿದುದನ್ನು ಜೋಡಿಸಲು ಮುಂದೆ ಯಾರಾದರೂ ಬರುತ್ತಾರೆ. ಸೋಲುಗೆಲುವುಗಳನ್ನು ಲಿಂಗಾರ್ಪಿತ ಮಾಡಿ, ನಾಲ್ಕು ಜನರ ಮಾತನ್ನು ಸಂತೆಗೇ ಬಿಟ್ಟು, ಕೈಯಲ್ಲಿರುವ ಕಾಯಕವನ್ನು ಇಂದೇ ಆರಂಭಿಸುವ ಧೈರ್ಯವನ್ನು ಬಸವಾದಿ ಪ್ರಮಥರು ಸರ್ವರಿಗೂ ಕರುಣಿಸಲಿ.